ಪ್ರೆಪ್ ಮಾತ್ರೆ ಇದೆ, ಜನ ಯಾಕೆ ತಗೊಳ್ತಿಲ್ಲ? ಸಮುದಾಯದಲ್ಲಿ ಕೆಲಸ ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

"ಮಾತ್ರೆ ಬಂದು ಕೂತಿದೆ, ತಗೊಳ್ಳುವವರೇ ಇಲ್ಲ. ಏನು ಮಾಡೋದು?"

ಎಚ್‌ಐವಿ ತಡೆಯುವ ಕೆಲಸದಲ್ಲಿರುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅದೇ ಸಮುದಾಯದಿಂದ ಬಂದ ಪೀರ್ ಕಾರ್ಯಕರ್ತರು ಕೇಳುತ್ತಾರೆ, ನರ್ಸ್‌ಗಳು ಕೇಳುತ್ತಾರೆ, ಸಣ್ಣ ಸಂಘ ನಡೆಸುವವರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ತುಂಡು ತುಂಡಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ.

ಎಚ್‌ಐವಿ ತಗುಲದಿರಲಿ ಅಂತ ಮುಂಚೆಯೇ ತೆಗೆದುಕೊಳ್ಳುವ ಈ ಪ್ರೆಪ್ ಔಷಧ ಕೆಲಸ ಮಾಡುತ್ತದೆ ಅಂತ 2010ರಲ್ಲೇ ಗೊತ್ತಾಗಿತ್ತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಎಚ್‌ಐವಿ ತಗುಲುವ ಅಪಾಯ ಜಾಸ್ತಿ ಇರುವ ಎಲ್ಲರಿಗೂ ಇದನ್ನು ಕೊಡಿ ಎಂದಿತು. ಆದರೂ 2023ರಲ್ಲಿ ಜಗತ್ತಿನಲ್ಲಿ ಇದನ್ನು ಪಡೆದವರು ಸುಮಾರು 35 ಲಕ್ಷ ಜನ ಮಾತ್ರ. 2025ರೊಳಗೆ ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮ ತಲುಪಬೇಕು ಅಂದುಕೊಂಡಿದ್ದು 2 ಕೋಟಿ 12 ಲಕ್ಷ ಜನರನ್ನು. ಅದೇ 2023ರಲ್ಲಿ ಸುಮಾರು 13 ಲಕ್ಷ ಜನರಿಗೆ ಹೊಸದಾಗಿ ಎಚ್‌ಐವಿ ತಗುಲಿತು.

"ಜನಕ್ಕೆ ಅರಿವಿಲ್ಲ" ಅಂದುಬಿಡುವುದು ಸುಲಭ. ನಾನು ಅದನ್ನು ಒಪ್ಪುವುದಿಲ್ಲ. ಬೇಡ ಅನ್ನುವವರ ಜೊತೆ ಹತ್ತು ನಿಮಿಷ ಕೂತು ಕೇಳಿ. ಡಬ್ಬಿ ಕಂಡರೆ ಮನೆಯವರು ಏನಂದುಕೊಳ್ಳುತ್ತಾರೋ, ಕ್ಲಿನಿಕ್‌ನಲ್ಲಿ ಯಾರು ನೋಡುತ್ತಾರೋ, ಡಾಕ್ಟರ್ ಏನು ಕೇಳುತ್ತಾರೋ ಅನ್ನುವ ಮಾತೇ ಬರುತ್ತದೆ. ಮಾತ್ರೆಯ ಬಗ್ಗೆ ದೂರು ಕಡಿಮೆ, ಮಾತ್ರೆಯ ಸುತ್ತ ಇರುವುದರ ಬಗ್ಗೆ ಜಾಸ್ತಿ. ಅಲ್ಲೇ ನಮ್ಮ ಕೆಲಸ ಇರುವುದು.

ಮೊದಲು ಕೆಲವು ಪದಗಳು

ಪ್ರೆಪ್ ಅಂದರೆ ಎಚ್‌ಐವಿ ಇಲ್ಲದವರು, ಅದು ತಗುಲದಿರಲಿ ಅಂತ ಮುಂಚೆಯೇ ತೆಗೆದುಕೊಳ್ಳುವ ಔಷಧ. ಹೆಚ್ಚು ಬಳಕೆಯಲ್ಲಿರುವುದು ಎರಡು ಔಷಧ ಸೇರಿದ ಒಂದು ಮಾತ್ರೆ: ಟೆನೊಫೊವಿರ್ 300 ಮಿಲಿಗ್ರಾಂ, ಎಮ್‌ಟ್ರಿಸಿಟಬಿನ್ 200 ಮಿಲಿಗ್ರಾಂ.

ಪೆಪ್ ಬೇರೆ. ಕಾಂಡೋಮ್ ಹರಿದಿದೆ, ಬಲಾತ್ಕಾರ ಆಗಿದೆ, ಬೇರೆಯವರ ಸೂಜಿ ಬಳಸಿದ್ದಾರೆ, ಇಂಥ ಘಟನೆ ಆದ ಮೇಲೆ 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳುವ ಔಷಧ ಅದು. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಎರಡರ ಹೆಸರೂ ಒಂದೇ ಥರ ಕೇಳಿಸುವುದರಿಂದ ಜನ ಗಲಿಬಿಲಿ ಆಗುತ್ತಾರೆ. ಪ್ರತಿ ಸಲ ಬಿಡಿಸಿ ಹೇಳಿ.

ಪೀರ್ ಅಂದರೆ ಅದೇ ಸಮುದಾಯದಿಂದ ಬಂದು, ಅದೇ ಸಮುದಾಯದ ಜೊತೆ ಕೆಲಸ ಮಾಡುವವರು. ವಿಂಡೋ ಪೀರಿಯಡ್ ಅಂದರೆ ವೈರಸ್ ಮೈಸೇರಿದ್ದರೂ ಪರೀಕ್ಷೆಯಲ್ಲಿ ಇನ್ನೂ ಕಾಣಿಸದ ದಿನಗಳು.

ಕೈಯಲ್ಲಿ ಏನಿರಬೇಕು

ಎಚ್‌ಐವಿ ಪರೀಕ್ಷೆ ಮಾಡುವ ವ್ಯವಸ್ಥೆ. ಮಾತ್ರೆ ಬರೆದುಕೊಡುವ, ಬಂದವರ ನಡತೆಯನ್ನು ಸರಿ ತಪ್ಪು ಅಂತ ಅಳೆಯದ ಒಬ್ಬ ಡಾಕ್ಟರ್ ಅಥವಾ ನರ್ಸ್. ಕನಿಷ್ಠ ಇಬ್ಬರು ಪೀರ್‌ಗಳು. ಬೇರೆಯವರಿಗೆ ಕೇಳಿಸದಂತೆ ಮಾತಾಡಲು ಒಂದು ಜಾಗ. ಪೋಸ್ಟರ್, ಬ್ಯಾನರ್ ಇದ್ದರೆ ಇರಲಿ, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ಹಂತ 1: ಜನ ಯಾವ ಮೆಟ್ಟಿಲ ಮೇಲೆ ನಿಂತಿದ್ದಾರೆ ಅಂತ ಪತ್ತೆ ಮಾಡಿ

ಕೇಳಿ ಗೊತ್ತಿರುವುದು, ಬೇಕು ಅನ್ನಿಸುವುದು, ಕ್ಲಿನಿಕ್‌ವರೆಗೆ ಬರುವುದು, ಮೊದಲ ಮಾತ್ರೆ ನುಂಗುವುದು, ಒಂದು ತಿಂಗಳಾದ ಮೇಲೆ ವಾಪಸ್ ಬರುವುದು, ಬಿಟ್ಟರೂ ಮತ್ತೆ ಶುರು ಮಾಡುವುದು. ಹೀಗೆ ಆರು ಮೆಟ್ಟಿಲು ಅಂದುಕೊಳ್ಳಿ. ಒಂದು ಹಾಳೆಯಲ್ಲಿ ಬರೆದು, ಕಳೆದ ಮೂರು ತಿಂಗಳಲ್ಲಿ ಪ್ರತಿ ಮೆಟ್ಟಿಲಿಗೆ ಎಷ್ಟು ಜನ ಬಂದರು ಅಂತ ಎದುರಿಗೆ ಹಾಕಿ. ಸಂಖ್ಯೆ ಎಲ್ಲಿ ಧಡಕ್ಕನೆ ಇಳಿದಿದೆಯೋ ಅಲ್ಲಿಂದ ಕೆಲಸ ಶುರು ಮಾಡಿ. ನೂರು ಜನ ಬೇಕು ಅಂದು ಇಪ್ಪತ್ತು ಜನ ಮಾತ್ರ ಕ್ಲಿನಿಕ್‌ಗೆ ಬಂದಿದ್ದರೆ ಇನ್ನೊಂದು ಅರಿವಿನ ಸಭೆಯಿಂದ ಏನೂ ಪ್ರಯೋಜನ ಇಲ್ಲ.

ಆಮೇಲೆ ಅದೇ ಹಾಳೆಯನ್ನು ಗುಂಪುಗಳಾಗಿ ಒಡೆಯಿರಿ. ಲೈಂಗಿಕ ಕಾರ್ಯಕರ್ತೆಯರು, ಗಂಡಸರ ಜೊತೆ ಲೈಂಗಿಕ ಸಂಬಂಧ ಇರುವ ಗಂಡಸರು, ಟ್ರಾನ್ಸ್ ಸಮುದಾಯದವರು, ಸೂಜಿಯಿಂದ ಮಾದಕ ವಸ್ತು ತೆಗೆದುಕೊಳ್ಳುವವರು, ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳು. ಎಲ್ಲರೂ ಒಂದೇ ಮೆಟ್ಟಿಲಲ್ಲಿ ಎಡವುವುದಿಲ್ಲ.

ಒಟ್ಟು ಲೆಕ್ಕ ಚೆನ್ನಾಗಿದೆ ಅಂತ ಸುಮ್ನೆ ಕೂರಬೇಡಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2016ರಲ್ಲಿ ಕೆಲವೇ ತಿಂಗಳಲ್ಲಿ 3,700 ಜನರಿಗೆ ಪ್ರೆಪ್ ಶುರು ಮಾಡಿಸಿದರು. ಮುಂದಿನ ಒಂದು ವರ್ಷದಲ್ಲಿ ಅಲ್ಲಿನ ಸಲಿಂಗಿ ಗಂಡಸರಲ್ಲಿ ಹೊಸ ಎಚ್‌ಐವಿ ಪ್ರಕರಣಗಳು ಕಾಲು ಭಾಗದಷ್ಟು ಇಳಿದವು. ದೊಡ್ಡ ಗೆಲುವು ಅದು. ಆದರೆ ಕಿರಿಯರಲ್ಲಿ, ಬೇರೆ ದೇಶಗಳಿಂದ ಬಂದವರಲ್ಲಿ ಇಳಿಕೆ ಅಷ್ಟಾಗಿ ಕಾಣಲಿಲ್ಲ. ಮೊದಲು ಬಂದು ಸಾಲಿನಲ್ಲಿ ನಿಲ್ಲುವವರು ಸಾಮಾನ್ಯವಾಗಿ ಮಾಹಿತಿ, ಧೈರ್ಯ, ಸಮಯ ಮೂರೂ ಇರುವವರು. ಅವು ಇಲ್ಲದವರು ನಿಮ್ಮ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ.

ಹಂತ 2: ಸಮುದಾಯದವರ ಕೈಗೇ ಕೆಲಸ ಕೊಡಿ

ಪೀರ್‌ಗಳನ್ನು ಜನ ಕರೆತರುವುದಕ್ಕಷ್ಟೇ ಬಳಸುವುದನ್ನು ತುಂಬ ಕಡೆ ನೋಡಿದ್ದೇನೆ. ಬಾಗಿಲವರೆಗೆ ಅವರು, ಒಳಗೆ ಬೇರೆಯವರು. ಇದು ತಪ್ಪು. ಒಳಗೆ ಏನಾಗುತ್ತದೆ ಅನ್ನುವುದೇ ಜನರ ಭಯ. ಅಲ್ಲೂ ಪರಿಚಯದ ಮುಖ ಇರಬೇಕು.

ಥಾಯ್ಲೆಂಡ್‌ನಲ್ಲಿ ಸಮುದಾಯದವರೇ ತರಬೇತಿ ಪಡೆದು ಪರೀಕ್ಷೆ ಮಾಡುತ್ತಾರೆ, ಮಾತಾಡುತ್ತಾರೆ, ಮಾತ್ರೆಯನ್ನೂ ಕೊಡುತ್ತಾರೆ. ಆ ದೇಶದಲ್ಲಿ ಪ್ರೆಪ್ ತೆಗೆದುಕೊಳ್ಳುವವರಲ್ಲಿ ಬಹುಪಾಲು ಜನ ಇಂಥ ಕೇಂದ್ರಗಳಿಂದಲೇ ಪಡೆದವರು. ನಿಮ್ಮಲ್ಲಿ ನಿಯಮ ಅಷ್ಟು ದೂರ ಬಿಡದೇ ಇರಬಹುದು. ಆದರೂ ಮೊದಲ ಮಾತು, ಪರೀಕ್ಷೆಯ ಹೊತ್ತಿಗೆ ಜೊತೆಗಿರುವುದು, ಮೊದಲ ತಿಂಗಳ ಫೋನ್, ಇವನ್ನು ಪೀರ್‌ಗಳಿಗೆ ಕೊಡಲು ಯಾವ ನಿಯಮವೂ ಅಡ್ಡ ಬರುವುದಿಲ್ಲ.

ಎರಡು ವಿಷಯ ಮರೆಯಬೇಡಿ. ಪೀರ್‌ಗಳ ಕೆಲಸಕ್ಕೆ ಸಂಬಳ ಕೊಡಿ. ಮತ್ತೆ, ಅವರು ಸ್ವತಃ ಪ್ರೆಪ್ ತಗೊಳ್ಳುತ್ತಾರಾ ಅಂತ ಎಲ್ಲರ ಮುಂದೆ ಕೇಳಬೇಡಿ. ಹೇಳಬೇಕು ಅನ್ನಿಸಿದವರು ತಾವೇ ಹೇಳುತ್ತಾರೆ. ಆಗ ಆ ಮಾತಿಗೆ ಇರುವ ತೂಕ ನಮ್ಮ ಯಾವ ಭಾಷಣಕ್ಕೂ ಬರುವುದಿಲ್ಲ.

ಹಂತ 3: ಮಾತು ಶುರು ಮಾಡುವ ರೀತಿ ಬದಲಿಸಿ

"ನೀವು ಅಪಾಯದ ಗುಂಪಿನವರು, ಅದಕ್ಕೇ ಈ ಮಾತ್ರೆ" ಅಂತ ಶುರು ಮಾಡಿದರೆ ಆ ಮನುಷ್ಯ ಮನಸ್ಸಿನಲ್ಲೇ ಬಾಗಿಲು ಹಾಕಿಕೊಳ್ಳುತ್ತಾರೆ. ಯಾರಿಗೂ ತಮ್ಮನ್ನು ಅಪಾಯ ಅಂತ ಕರೆಸಿಕೊಳ್ಳುವುದು ಇಷ್ಟ ಇಲ್ಲ. ಎಷ್ಟೋ ಜನ ತಮಗೆ ಅಪಾಯ ಇದೆ ಅಂತ ನಂಬುವುದೂ ಇಲ್ಲ. "ನಂಗೆ ಒಬ್ಬನೇ ಸಂಗಾತಿ" ಅನ್ನುತ್ತಾರೆ. ಆ ಒಬ್ಬನಿಗೆ ಬೇರೆ ಎಷ್ಟು ಜನ ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ.

ಹೀಗೆ ಕೇಳಿ ನೋಡಿ:

"ಕಾಂಡೋಮ್ ಹಾಕಬೇಕು ಅಂದ್ಕೊಂಡ್ರೂ ಆಗದೇ ಇರೋ ಸಂದರ್ಭ ಬರುತ್ತಾ?"

"ಬರುತ್ತೆ. ಅವ್ರು ಬೇಡ ಅಂದ್ರೆ ನಾನೇನು ಮಾಡ್ಲಿ?"

"ಆ ಹೊತ್ತಲ್ಲಿ ನಿಮ್ಮ ಕೈಯಲ್ಲೇ ಇರೋ, ಯಾರನ್ನೂ ಕೇಳಬೇಕಾಗಿಲ್ಲದ ಒಂದು ರಕ್ಷಣೆ ಇದ್ರೆ ಹೇಗಿರುತ್ತೆ?"

ಇಲ್ಲಿ ಎಷ್ಟು ಸಂಗಾತಿಗಳು ಅನ್ನುವ ಲೆಕ್ಕ ಬರಲಿಲ್ಲ. ಬೈಗುಳ ಬರಲಿಲ್ಲ. ಅವರಿಗೆ ಗೊತ್ತಿರುವ ಕಷ್ಟದಿಂದಲೇ ಮಾತು ಶುರುವಾಯಿತು. ನಿಶ್ಚಿಂತೆ, ಹಿಡಿತ, ಸಂಗಾತಿಯ ಜೊತೆ ಹೆದರಿಕೆಯಿಲ್ಲದ ಹತ್ತಿರ, ಇವು ಜನರಿಗೆ ನಿಜವಾಗಿ ಬೇಕಾದವು. ರೋಗದ ಹೆಸರಿಗಿಂತ ಮುಂಚೆ ಅವನ್ನು ಹೇಳಿ.

ಎಚ್ಚರ: ಪ್ರೆಪ್ ಬೇಕು ಅಂತ ತಾವೇ ಬಂದು ಕೇಳಿದವರ ಹತ್ತಿರ ಕಾರಣ ಒಪ್ಪಿಸಿಕೊಳ್ಳಲು ಹೋಗಬೇಡಿ. ಬಾಯಿಬಿಟ್ಟು ಕೇಳುವುದಕ್ಕೇ ಅವರು ಎಷ್ಟೋ ದಿನ ಯೋಚಿಸಿರುತ್ತಾರೆ. ಅಪಾಯ ಅಳೆಯುವ ಪಟ್ಟಿಯಲ್ಲಿ ಅಂಕ ಕಡಿಮೆ ಬಂತು ಅಂತ ವಾಪಸ್ ಕಳಿಸಿದರೆ ಮತ್ತೆ ಬರುವುದಿಲ್ಲ.

ಹಂತ 4: ಭಯಗಳಿಗೆ ನೇರವಾಗಿ ಉತ್ತರ ಕೊಡಿ

ತಿಳಿದವರು ಹೇಳದಿದ್ದರೆ ಆ ಜಾಗವನ್ನು ಗಾಳಿಸುದ್ದಿ ತುಂಬುತ್ತದೆ. ಜನ ಹೆಚ್ಚಾಗಿ ಕೇಳುವುದು ಇವು.

ಅಡ್ಡ ಪರಿಣಾಮ. ಸುಮಾರು ಹತ್ತರಲ್ಲಿ ಒಬ್ಬರಿಗೆ ಶುರುವಿನಲ್ಲಿ ವಾಕರಿಕೆ, ತಲೆನೋವು, ಹೊಟ್ಟೆ ತೊಳಸುವುದು ಆಗುತ್ತದೆ. ಬಹಳ ಮಟ್ಟಿಗೆ ಒಂದು ತಿಂಗಳೊಳಗೆ ತಾನಾಗಿಯೇ ಹೋಗುತ್ತದೆ. ಇದನ್ನು ಮುಂಚೆಯೇ ಹೇಳಿ. ಹೇಳದೇ ಇದ್ದು ಮೂರನೇ ದಿನ ವಾಕರಿಕೆ ಬಂದರೆ "ನನ್ನ ಮೈಗೆ ಆಗಲ್ಲ" ಅಂತ ಬಿಟ್ಟುಬಿಡುತ್ತಾರೆ. ಹೇಳಿದ್ದರೆ "ಓಹ್, ಇದೇ ಅದು" ಅಂದುಕೊಳ್ಳುತ್ತಾರೆ. ಕಿಡ್ನಿ ಮತ್ತು ಮೂಳೆಯ ವಿಷಯವನ್ನೂ ಮುಚ್ಚಿಡಬೇಡಿ. ಕೆಲವರಲ್ಲಿ ಕಿಡ್ನಿ ಸ್ವಲ್ಪ ನಿಧಾನವಾಗಬಹುದು, ಮೂಳೆಯ ಸಾಂದ್ರತೆ ಸ್ವಲ್ಪ ಇಳಿಯಬಹುದು. ಸಾಮಾನ್ಯವಾಗಿ ಮಾತ್ರೆ ನಿಲ್ಲಿಸಿದರೆ ಎರಡೂ ಸರಿಹೋಗುತ್ತವೆ. ಪರೀಕ್ಷೆ ಮಾಡಿಸುವುದು ಅದಕ್ಕೇ.

ಹಾರ್ಮೋನ್. ಟ್ರಾನ್ಸ್ ಮಹಿಳೆಯರು ಮೊದಲು ಕೇಳುವುದೇ ಇದನ್ನು. ಮೈಯ ಬದಲಾವಣೆ ಕಷ್ಟಪಟ್ಟು ಗಳಿಸಿದ್ದು, ಮಾತ್ರೆಯಿಂದ ಅದು ಹಾಳಾದರೆ? ಪ್ರೆಪ್ ಹಾರ್ಮೋನ್ ಮಟ್ಟವನ್ನು ಇಳಿಸುವುದಿಲ್ಲ ಅಂತ ಅಧ್ಯಯನಗಳು ತೋರಿಸಿವೆ. ಈ ಒಂದು ವಾಕ್ಯ ಹೇಳದೇ ಹೋದದ್ದಕ್ಕೆ ಎಷ್ಟೋ ಜನ ಕೈಬಿಟ್ಟು ಹೋಗಿದ್ದಾರೆ.

ಬಸಿರು, ಬಾಣಂತನ. ದಿನವೂ ತೆಗೆದುಕೊಳ್ಳುವ ಮಾತ್ರೆಯನ್ನು ಬಸುರಿಯರೂ ಹಾಲೂಡಿಸುವವರೂ ತೆಗೆದುಕೊಳ್ಳಬಹುದು. ಗರ್ಭನಿರೋಧಕ ಮಾತ್ರೆಗೂ ಇದು ಅಡ್ಡಿ ಮಾಡುವುದಿಲ್ಲ. ಆದರೆ ಪ್ರೆಪ್ ತಾನೇ ಬಸಿರನ್ನು ತಡೆಯುವುದಿಲ್ಲ.

ಕುಡಿತ. "ನಿನ್ನೆ ಕುಡಿದಿದ್ದೆ, ಅದಕ್ಕೆ ಮಾತ್ರೆ ಬಿಟ್ಟೆ" ಅನ್ನುವ ಮಾತು ತುಂಬ ಸಾಮಾನ್ಯ. ಮದ್ಯದಿಂದ ಈ ಔಷಧದ ಶಕ್ತಿ ಕಡಿಮೆ ಆಗುವುದಿಲ್ಲ. ಕುಡಿದ ದಿನವೂ ಮಾತ್ರೆ ನುಂಗಬೇಕು, ರಕ್ಷಣೆ ಬೇಕಾಗುವುದು ಅಂಥ ದಿನವೇ ಅಲ್ವಾ?

"ಪ್ರೆಪ್ ಕೊಟ್ಟರೆ ಕಾಂಡೋಮ್ ಬಿಡ್ತಾರೆ." ಇದನ್ನು ಸಮುದಾಯದವರಿಗಿಂತ ಡಾಕ್ಟರ್‌ಗಳೇ ಜಾಸ್ತಿ ಹೇಳುತ್ತಾರೆ. ಕೆಲವರು ಕಾಂಡೋಮ್ ಕಡಿಮೆ ಮಾಡುತ್ತಾರೆ, ನಿಜ. ಆದರೆ ಕಾಂಡೋಮ್ ಹಾಕಲು ಆಗದ ಸ್ಥಿತಿಯಲ್ಲಿರುವವರಿಗೇ ಪ್ರೆಪ್ ಬೇಕಿರುವುದು. ಸಿಫಿಲಿಸ್, ಗೊನೊರಿಯಾ ಥರದ ಸೋಂಕುಗಳನ್ನು ಪ್ರೆಪ್ ತಡೆಯುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿ, ಕಾಂಡೋಮ್ ಕೈಗಿಡಿ, ಆ ಪರೀಕ್ಷೆಗಳನ್ನೂ ಜೊತೆಗೇ ಮಾಡಿ. ಪ್ರೆಪ್‌ಗೆ ಅಂತ ಬಂದವರಲ್ಲಿ ಇವು ಬೇಗ ಪತ್ತೆಯಾಗುವುದು ಒಳ್ಳೆಯದೇ.

ಹಂತ 5: ಕ್ಲಿನಿಕ್‌ನ ಒಳಗಿನ ಅಡ್ಡಿಗಳನ್ನು ತೆಗೆಯಿರಿ

ಒಂದು ಸಲ ನೀವೇ ರೋಗಿಯ ಥರ ಬಾಗಿಲಿಂದ ಒಳಗೆ ನಡೆದು ನೋಡಿ. ಎಲ್ಲರಿಗೂ ಕಾಣುವ ಹಾಗೆ "ಎಚ್‌ಐವಿ" ಅಂತ ಬರೆದ ಬಾಗಿಲ ಮುಂದೆ ಕಾಯಬೇಕಾ? ಹೆಸರನ್ನು ಜೋರಾಗಿ ಕೂಗುತ್ತಾರಾ? ಟ್ರಾನ್ಸ್ ವ್ಯಕ್ತಿಯನ್ನು ದಾಖಲೆಯಲ್ಲಿರುವ ಹಳೇ ಹೆಸರಿನಿಂದ ಕರೆಯುತ್ತಾರಾ? ರಾತ್ರಿ ಕೆಲಸ ಮಾಡುವವರಿಗೆ ಬೆಳಗ್ಗೆ ಒಂಬತ್ತಕ್ಕೆ ಬನ್ನಿ ಅನ್ನುತ್ತಾರಾ? ಮೊದಲ ಮೂರನ್ನು ನಾಳೆಯೇ ಬದಲಿಸಬಹುದು. ಸಮಯ ಬದಲಿಸಲು ಸ್ವಲ್ಪ ಜಗಳ ಬೇಕಾಗುತ್ತದೆ. ವಾರಕ್ಕೆ ಒಂದು ಸಂಜೆಯಿಂದಾದರೂ ಶುರು ಮಾಡಿಸಿ.

ಇನ್ನೊಂದು ತೊಡಕು ಇದು ಯಾರ ಕೆಲಸ ಅನ್ನುವುದು. ಎಚ್‌ಐವಿ ಡಾಕ್ಟರ್ ಹತ್ತಿರ ಬರುವವರಿಗೆಲ್ಲ ಈಗಾಗಲೇ ಎಚ್‌ಐವಿ ಇರುತ್ತದೆ. ಎಚ್‌ಐವಿ ಇಲ್ಲದವರು ಹೋಗುವುದು ಸಾಮಾನ್ಯ ಡಾಕ್ಟರ್ ಹತ್ತಿರ, ಅವರು "ಇದು ತಜ್ಞರ ಕೆಲಸ" ಅನ್ನುತ್ತಾರೆ. ಹೀಗೆ ಮಾತ್ರೆ ಇಬ್ಬರ ನಡುವೆ ಬಿದ್ದುಹೋಗುತ್ತದೆ. ಒಬ್ಬ ಸಾಮಾನ್ಯ ಡಾಕ್ಟರನ್ನಾದರೂ ಕೂರಿಸಿಕೊಂಡು ಕ್ರಮ ವಿವರಿಸಿ. ಕೆಲಸ ಕಷ್ಟದ್ದಲ್ಲ, ಅಭ್ಯಾಸ ಇಲ್ಲ ಅಷ್ಟೇ.

ದಾಖಲೆಗಳ ಬಗ್ಗೆ ತುಂಬ ಜೋಪಾನ. ಲೈಂಗಿಕ ಕೆಲಸ ಮಾಡುತ್ತಾರೆ ಅನ್ನುವುದಕ್ಕೆ ಕೆಲವು ಕಡೆ ಪೊಲೀಸರು ಕಾಂಡೋಮನ್ನೇ ಸಾಕ್ಷಿ ಮಾಡಿಕೊಂಡ ಉದಾಹರಣೆಗಳಿವೆ. ಅಂಥ ವಾತಾವರಣದಲ್ಲಿ ಹೆಸರು, ವಿಳಾಸ, ಕಸುಬು ಒಂದೇ ಪುಸ್ತಕದಲ್ಲಿದ್ದರೆ ಜನ ಹೆದರುವುದು ಸಹಜ. ಹೆಸರಿನ ಬದಲು ಸಂಕೇತ ಸಂಖ್ಯೆ ಬಳಸಿ. ಕಸುಬನ್ನು ಬರೆಯುವ ಅಗತ್ಯ ಇಲ್ಲದಿದ್ದರೆ ಬರೆಯಲೇಬೇಡಿ.

ಹಂತ 6: ಬಂದ ದಿನವೇ ಶುರು ಮಾಡಿ

"ನಾಳೆ ಬನ್ನಿ, ವರದಿ ಬರಲಿ" ಅಂತ ಕಳಿಸಿದವರಲ್ಲಿ ಎಷ್ಟು ಜನ ವಾಪಸ್ ಬಂದರು ಅಂತ ಹಂತ 1ರ ಹಾಳೆ ನೋಡಿ. ಅದಕ್ಕೇ ಅದೇ ದಿನ ಶುರು ಮಾಡುವುದು ಮುಖ್ಯ. ಕ್ರಮ ಹೀಗೆ:

ಮೊದಲು ಎಚ್‌ಐವಿ ಪರೀಕ್ಷೆ. ಇದನ್ನು ಮಾತ್ರ ಬಿಡುವ ಹಾಗಿಲ್ಲ. ಈಗಾಗಲೇ ಎಚ್‌ಐವಿ ಇದ್ದು ಬರೀ ಈ ಎರಡು ಔಷಧ ಕೊಟ್ಟರೆ ಅದು ಚಿಕಿತ್ಸೆಗೆ ಸಾಲದು, ವೈರಸ್ ಔಷಧಕ್ಕೆ ಬಗ್ಗದ ಹಾಗೆ ಬದಲಾಗಬಹುದು.

ಆಮೇಲೆ ಎರಡು ಪ್ರಶ್ನೆ. ಕಳೆದ ಮೂರು ದಿನದಲ್ಲಿ ಏನಾದರೂ ಆಗಿದೆಯಾ? ಆಗಿದ್ದರೆ ಮೊದಲು ಪೆಪ್, ಅದು ಮುಗಿದ ಮೇಲೆ ಪ್ರೆಪ್. ಇತ್ತೀಚೆಗೆ ಜ್ವರ, ಗಂಟಲು ನೋವು, ಮೈಮೇಲೆ ಗುಳ್ಳೆ, ಕುತ್ತಿಗೆಯಲ್ಲಿ ಗಡ್ಡೆ ಬಂದಿತ್ತಾ? ಬಂದಿದ್ದು, ಅದರ ಮುಂಚೆ ರಕ್ಷಣೆಯಿಲ್ಲದ ಸಂಪರ್ಕ ಆಗಿದ್ದರೆ ವಿಂಡೋ ಪೀರಿಯಡ್ ಇರಬಹುದು. ಡಾಕ್ಟರ್ ತೀರ್ಮಾನಿಸಲಿ.

ಹೆಪಟೈಟಿಸ್ ಬಿ ಪರೀಕ್ಷೆಗೆ ರಕ್ತ ಕೊಡಿಸಿ. ಈ ಔಷಧಗಳು ಆ ವೈರಸ್ ಮೇಲೂ ಕೆಲಸ ಮಾಡುತ್ತವೆ, ಸೋಂಕು ಇದ್ದವರು ಮಾತ್ರೆ ಥಟ್ಟನೆ ನಿಲ್ಲಿಸಿದರೆ ಲಿವರ್‌ನಲ್ಲಿ ಉರಿಯೂತ ಆಗಬಹುದು. ಕಿಡ್ನಿ ಪರೀಕ್ಷೆಗೂ ರಕ್ತ ಕೊಡಿಸಿ. ಕ್ರಿಯಾಟಿನಿನ್ ಅನ್ನುವ ಪರೀಕ್ಷೆ ಅದು, ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅಂತ ತೋರಿಸುತ್ತದೆ. ಬೇರೆ ಕಾಯಿಲೆ ಇಲ್ಲದ 30 ವರ್ಷದೊಳಗಿನವರಿಗೆ ಈ ಪರೀಕ್ಷೆ ಕಡ್ಡಾಯ ಅಲ್ಲ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕಿಡ್ನಿ ತೊಂದರೆ ಇದ್ದವರಿಗೆ, 50 ವರ್ಷ ದಾಟಿದವರಿಗೆ ಇದನ್ನು ಮಾಡಲೇಬೇಕು. ಉಳಿದವರು ವರದಿ ಬರುವವರೆಗೆ ಕಾಯಬೇಕಿಲ್ಲ, ಮಾತ್ರೆ ಶುರು ಮಾಡಬಹುದು.

ಕಳಿಸುವ ಮುಂಚೆ ಒಂದು ಮಾತು ಹೇಳಲೇಬೇಕು: ಮೊದಲ ಮಾತ್ರೆಗೇ ರಕ್ಷಣೆ ಬರುವುದಿಲ್ಲ. ದಿನಕ್ಕೊಂದು ಮಾತ್ರೆಯಂತೆ ಗುದ ಸಂಭೋಗಕ್ಕೆ ಸುಮಾರು 7 ದಿನ ಬೇಕು. ಯೋನಿ ಸಂಭೋಗಕ್ಕೆ ವಿಶ್ವ ಆರೋಗ್ಯ ಸಂಸ್ಥೆ 7 ದಿನ ಎನ್ನುತ್ತದೆ, ಅಮೆರಿಕದ ಮಾರ್ಗಸೂಚಿ ಸುಮಾರು 21 ದಿನ ಎನ್ನುತ್ತದೆ. ನಾನು ಹೆಣ್ಣುಮಕ್ಕಳಿಗೆ 21 ಅಂತಲೇ ಹೇಳುತ್ತೇನೆ, ಅಲ್ಲಿಯವರೆಗೆ ಕಾಂಡೋಮ್.

ಹಂತ 7: ಮೊದಲ ತಿಂಗಳು ಕೈಬಿಡಬೇಡಿ

ಈ ಹಂತ ಎಲ್ಲಕ್ಕಿಂತ ಮುಖ್ಯ.

2010ರಲ್ಲಿ ಆರು ದೇಶಗಳ 2,499 ಜನರ ಮೇಲೆ ನಡೆದ ಐಪ್ರೆಕ್ಸ್ ಅಧ್ಯಯನದ ಫಲಿತಾಂಶ ಬಂತು. ಮಾತ್ರೆ ಕೊಟ್ಟ ಗುಂಪಿನಲ್ಲಿ ಎಚ್‌ಐವಿ 44 ಶೇಕಡಾ ಕಡಿಮೆ. ಆದರೆ ರಕ್ತದಲ್ಲಿ ಔಷಧ ನಿಜವಾಗಿ ಸಿಕ್ಕವರಲ್ಲಿ ಅಪಾಯ 90 ಶೇಕಡಾಕ್ಕೂ ಜಾಸ್ತಿ ಇಳಿದಿತ್ತು. ಮುಂದುವರಿದ ಅಧ್ಯಯನದಲ್ಲಿ, ವಾರಕ್ಕೆ ನಾಲ್ಕು ಅಥವಾ ಹೆಚ್ಚು ಮಾತ್ರೆ ನುಂಗಿದವರಲ್ಲಿ ಒಬ್ಬರಿಗೂ ಸೋಂಕು ಬರಲಿಲ್ಲ. ಹೆಂಗಸರು ಮಾತ್ರ ಒಂದು ದಿನವೂ ತಪ್ಪಿಸದಿರುವುದು ಒಳ್ಳೆಯದು, ಯೋನಿಯ ಅಂಗಾಂಶದಲ್ಲಿ ಈ ಔಷಧ ಅಷ್ಟಾಗಿ ಸೇರುವುದಿಲ್ಲ.

ಇನ್ನೊಂದು ಅಧ್ಯಯನ ವಾಯ್ಸ್. ದಕ್ಷಿಣ ಆಫ್ರಿಕಾ, ಉಗಾಂಡಾ, ಜಿಂಬಾಬ್ವೆಯ 5,029 ಹೆಂಗಸರು ಅದರಲ್ಲಿದ್ದರು. ಅಲ್ಲಿ ಮಾತ್ರೆಯಿಂದ ಲಾಭವೇ ಕಾಣಲಿಲ್ಲ. ಕೇಳಿದಾಗ 90 ಶೇಕಡಾ ಹತ್ತಿರ ಹತ್ತಿರ ತಗೊಂಡಿದ್ದೇವೆ ಅಂತ ಲೆಕ್ಕ ಬಂದಿತ್ತು. ರಕ್ತ ನೋಡಿದರೆ ಮೂರನೇ ಒಂದು ಭಾಗದಷ್ಟು ಮಾದರಿಗಳಲ್ಲೂ ಔಷಧ ಇರಲಿಲ್ಲ. ಆಮೇಲೆ ಅವರ ಜೊತೆ ಕೂತು ಮಾತಾಡಿದಾಗ ಹೊರಬಂದ ಕಾರಣಗಳು: ಅಡ್ಡ ಪರಿಣಾಮದ ಭಯ, ಅಕ್ಕಪಕ್ಕದವರು ತಮಗೆ ಎಚ್‌ಐವಿ ಇದೆ ಅಂದುಕೊಳ್ಳುತ್ತಾರೆ ಅನ್ನುವ ಹೆದರಿಕೆ, ಸಂಗಾತಿಯ ವಿರೋಧ. ಕೀನ್ಯಾ ಮತ್ತು ಉಗಾಂಡಾದಲ್ಲಿ, ಒಬ್ಬರಿಗೆ ಎಚ್‌ಐವಿ ಇದ್ದ ಜೋಡಿಗಳ ನಡುವೆ ನಡೆದ ಅಧ್ಯಯನದಲ್ಲಿ ಅದೇ ಮಾತ್ರೆ ಅಪಾಯವನ್ನು 75 ಶೇಕಡಾ ಇಳಿಸಿತ್ತು. ಅಲ್ಲಿ ಮನೆಯಲ್ಲಿ ಇಬ್ಬರಿಗೂ ವಿಷಯ ಗೊತ್ತಿತ್ತು, ಮುಚ್ಚಿಡುವುದು ಏನೂ ಇರಲಿಲ್ಲ. ಹೀಗಾಗಿ "ಮಾತ್ರೆ ತಗೊಂಡ್ರಾ?" ಅಂತ ಕೇಳಿ "ಹೂಂ" ಅಂತ ಬರೆದುಕೊಂಡರೆ ಏನೂ ತಿಳಿಯುವುದಿಲ್ಲ. "ಈ ವಾರ ಯಾವ ದಿನ ಕಷ್ಟ ಆಯ್ತು?" ಅಂತ ಕೇಳಿ. ತಪ್ಪಿಸುವುದು ಸಹಜ ಅನ್ನುವುದು ನಿಮ್ಮ ಪ್ರಶ್ನೆಯಲ್ಲೇ ಇರಲಿ, ಆಗ ನಿಜ ಹೊರಬರುತ್ತದೆ.

ಒಬ್ಬ ಹೆಣ್ಣುಮಗಳು ನನಗೆ ಕಲಿಸಿದ್ದನ್ನು ಇಲ್ಲಿ ಹೇಳಬೇಕು. ಎರಡು ವಾರಕ್ಕೇ ಮಾತ್ರೆ ಬಿಟ್ಟಿದ್ದರು. ಯಾಕೆ ಅಂದರೆ ಮಾತಾಡಲಿಲ್ಲ. ಬ್ಯಾಗಿನಿಂದ ಡಬ್ಬಿ ತೆಗೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗಟ್ಟಿ ಪ್ಲಾಸ್ಟಿಕ್ ಒಳಗೆ ಮಾತ್ರೆಗಳು ಗಲಗಲ ಅಂದವು. ನಾಲ್ಕು ಜನ ಮಲಗುವ ಕೋಣೆ ಅವರದು. ರಾತ್ರಿ ಆ ಸದ್ದಾದರೆ ಎಲ್ಲರೂ ತಿರುಗಿ ನೋಡುತ್ತಿದ್ದರಂತೆ. ಎಚ್‌ಐವಿ ಚಿಕಿತ್ಸೆಯ ಮಾತ್ರೆಯೂ ಅಂಥದೇ ಡಬ್ಬಿಯಲ್ಲಿ ಬರುತ್ತದೆ ಅನ್ನುವುದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತು.

ಒಳಗೆ ಒಂದು ಉಂಡೆ ಹತ್ತಿ ತುರುಕಿದೆವು. ಸದ್ದು ನಿಂತಿತು. ಅವತ್ತಿಂದ ಮಾತ್ರೆ ಕೊಡುವಾಗ ನಾನು ಹತ್ತಿಯನ್ನೂ ಕೊಡುತ್ತೇನೆ, ಡಬ್ಬಿಯ ಮೇಲಿನ ಚೀಟಿ ಕಿತ್ತುಕೊಳ್ಳಬಹುದು ಅಂತಲೂ ಹೇಳುತ್ತೇನೆ. ಒಂದು ವಾರಕ್ಕಾಗುವಷ್ಟನ್ನು ಪುಟ್ಟ ಡಬ್ಬಿಗೆ ಹಾಕಿಕೊಳ್ಳಬಹುದು. ಉಳಿದದ್ದು ಮೂಲ ಡಬ್ಬಿಯಲ್ಲೇ ಇರಲಿ, ತೇವ ಹೀರುವ ಪೊಟ್ಟಣದ ಸಮೇತ.

ಮೊದಲ ತಿಂಗಳ ಕೆಲಸ ಹೀಗಿರಲಿ. ಮೂರನೇ ದಿನ ಒಂದು ಫೋನ್, ವಾಕರಿಕೆ ಬಗ್ಗೆ ಕೇಳಲು. ಹತ್ತನೇ ದಿನ ಇನ್ನೊಂದು. ಸಂದೇಶ ಕಳಿಸುವುದಾದರೆ ಅದರಲ್ಲಿ ಮಾತ್ರೆ, ಎಚ್‌ಐವಿ ಅನ್ನುವ ಪದ ಬರದಂತೆ ಮುಂಚೆಯೇ ಒಂದು ಗುಟ್ಟಿನ ಮಾತು ಒಪ್ಪಿಕೊಳ್ಳಿ. ದಿನಾ ಮಾಡುವ ಒಂದು ಕೆಲಸದ ಜೊತೆ ಮಾತ್ರೆಯನ್ನು ಸೇರಿಸಲು ಹೇಳಿ, ಹಲ್ಲುಜ್ಜುವುದು, ಫೋನ್ ಚಾರ್ಜಿಗೆ ಹಾಕುವುದು, ಯಾವುದಾದರೂ ಸರಿ. ಮರೆತರೆ ನೆನಪಾದ ಕೂಡಲೇ ನುಂಗಲಿ, ಒಂದು ದಿನ ಪೂರ್ತಿ ತಪ್ಪಿದ್ದಕ್ಕೆ ಮರುದಿನ ಎರಡು ಬೇಡ. ತಿಂಗಳ ಕೊನೆಗೆ ಮತ್ತೆ ಎಚ್‌ಐವಿ ಪರೀಕ್ಷೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಪ್ರತಿ ತಿಂಗಳೂ ಅಲೆದಾಡಿಸಬೇಡಿ, ಮೂರು ತಿಂಗಳ ಮಾತ್ರೆ ಒಟ್ಟಿಗೇ ಕೊಡಿ. ದೂರದವರಿಗೆ ತಾವೇ ಮಾಡಿಕೊಳ್ಳುವ ಪರೀಕ್ಷೆಯ ಕಿಟ್ ಕೂಡ ಆಗಬಹುದು.

ಎಚ್ಚರ: ಸಂಗಾತಿಗೆ ಹೇಳಿ ಅಂತ ಒತ್ತಾಯಿಸಬೇಡಿ. ಹೇಳಿದರೆ ಕೆಲವರಿಗೆ ಆಸರೆ ಸಿಗುತ್ತದೆ, ಕೆಲವರಿಗೆ ಹೊಡೆತ ಬೀಳುತ್ತದೆ. ಯಾವುದು ಅಂತ ಅವರಿಗೇ ಗೊತ್ತು.

ಹಂತ 8: ಮಾತ್ರೆ ಒಗ್ಗದವರಿಗೆ ಬೇರೆ ದಾರಿ ತೋರಿಸಿ

ದಿನದ ಮಾತ್ರೆ ಒಂದೇ ದಾರಿ ಅಲ್ಲ. ನಿಮ್ಮಲ್ಲಿ ಯಾವುದು ಸಿಗುತ್ತದೆ ನೋಡಿಕೊಂಡು ಹೇಳಿ.

ಸಂದರ್ಭಕ್ಕೆ ತಕ್ಕ ಮಾತ್ರೆ: ಲೈಂಗಿಕ ಸಂಪರ್ಕಕ್ಕೆ 2ರಿಂದ 24 ಗಂಟೆ ಮುಂಚೆ ಎರಡು ಮಾತ್ರೆ, ಆ ಎರಡು ನುಂಗಿದ 24 ಗಂಟೆ ನಂತರ ಒಂದು, ಇನ್ನೂ 24 ಗಂಟೆ ನಂತರ ಒಂದು. ಫ್ರಾನ್ಸ್ ಮತ್ತು ಕೆನಡಾದಲ್ಲಿ ನಡೆದ ಐಪರ್ಗೇ ಅಧ್ಯಯನದಲ್ಲಿ ಇದು ಅಪಾಯವನ್ನು 86 ಶೇಕಡಾ ಇಳಿಸಿತು. ಆದರೆ ಇದು ಗಂಡಸರಿಗೆ ಮಾತ್ರ. ಹೆಂಗಸರಿಗೆ, ಈಸ್ಟ್ರೋಜನ್ ಹಾರ್ಮೋನ್ ತೆಗೆದುಕೊಳ್ಳುವ ಟ್ರಾನ್ಸ್ ಮಹಿಳೆಯರಿಗೆ, ಹೆಪಟೈಟಿಸ್ ಬಿ ಇದ್ದವರಿಗೆ, ಸೂಜಿ ಬಳಸುವವರಿಗೆ ಇದನ್ನು ಹೇಳಬೇಡಿ. ಒಬ್ಬರಿಂದ ಒಬ್ಬರಿಗೆ ಬಾಯಿಮಾತಲ್ಲಿ ಹರಡುವಾಗ ಈ ಭಾಗವೇ ಬಿಟ್ಟುಹೋಗುತ್ತದೆ.

ಇಂಜೆಕ್ಷನ್: ಕ್ಯಾಬೊಟೆಗ್ರಾವಿರ್ ಅನ್ನುವುದನ್ನು ಮೊದಲ ಎರಡು ಡೋಸ್ ತಿಂಗಳ ಅಂತರದಲ್ಲಿ, ಆಮೇಲೆ ಎರಡು ತಿಂಗಳಿಗೊಮ್ಮೆ ಪೃಷ್ಠಕ್ಕೆ ಕೊಡುತ್ತಾರೆ. ಲೆನಕಾಪವಿರ್ ಆರು ತಿಂಗಳಿಗೊಮ್ಮೆ, ಹೊಟ್ಟೆಯ ಚರ್ಮದ ಕೆಳಗೆ. ಕೊಟ್ಟ ಜಾಗದಲ್ಲಿ ಪುಟ್ಟ ಗಂಟು ಬರಬಹುದು, ಮುಂಚೆಯೇ ಹೇಳಿ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದ ಯುವತಿಯರ ನಡುವೆ ನಡೆದ ಪರ್ಪಸ್ 1 ಅಧ್ಯಯನದ ಫಲಿತಾಂಶ 2024ರಲ್ಲಿ ಬಂದಾಗ, ಲೆನಕಾಪವಿರ್ ಪಡೆದ 2,134 ಜನರಲ್ಲಿ ಒಬ್ಬರಿಗೂ ಎಚ್‌ಐವಿ ಬಂದಿರಲಿಲ್ಲ. ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಗಲಗಲ ಅನ್ನುವ ಆ ಡಬ್ಬಿ. 2025ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲೆನಕಾಪವಿರ್ ಇಂಜೆಕ್ಷನನ್ನು ಶಿಫಾರಸು ಮಾಡಿದೆ.

ಎಚ್ಚರ: ಇಂಜೆಕ್ಷನ್ ನಿಲ್ಲಿಸಿದ ಮೇಲೆ ಔಷಧ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಮೈಯಲ್ಲಿ ಉಳಿಯುತ್ತದೆ, ರಕ್ಷಣೆಗೆ ಸಾಲುವಷ್ಟಲ್ಲ. ಆ ಹೊತ್ತಲ್ಲಿ ಸೋಂಕು ತಗುಲಿದರೆ ವೈರಸ್ ಔಷಧಕ್ಕೆ ಬಗ್ಗದೇ ಹೋಗಬಹುದು. ಅಪಾಯ ಇನ್ನೂ ಇದ್ದರೆ ಕೂಡಲೇ ಮಾತ್ರೆಗೆ ಬದಲಿಸಿ.

ಯೋನಿಯಲ್ಲಿ ಇಟ್ಟುಕೊಳ್ಳುವ ಡಾಪಿವಿರಿನ್ ಉಂಗುರವೂ ಇದೆ, ತಿಂಗಳಿಗೊಂದು. ಮಾತ್ರೆಯಷ್ಟು ರಕ್ಷಣೆ ಇಲ್ಲ, ಆದರೆ ಯಾರಿಗೂ ಕಾಣುವುದಿಲ್ಲ.

ಹಂತ 9: ಬಿಟ್ಟವರನ್ನು ಬಿಡಬೇಡಿ

ಪ್ರೆಪ್ ಬದುಕಿಡೀ ತೆಗೆದುಕೊಳ್ಳುವ ಔಷಧ ಅಲ್ಲ. ಅಪಾಯ ಇರುವ ದಿನಗಳಲ್ಲಿ ಬೇಕು, ಇಲ್ಲದಾಗ ಬೇಡ. ಸಂಗಾತಿ ಬದಲಾಗುತ್ತಾರೆ, ಕೆಲಸ ಬದಲಾಗುತ್ತದೆ, ಊರು ಬದಲಾಗುತ್ತದೆ. ಎಚ್‌ಐವಿ ಇರುವ ಸಂಗಾತಿ ಚಿಕಿತ್ಸೆ ಪಡೆದು, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದರೆ ಅವರಿಂದ ಲೈಂಗಿಕ ಸಂಪರ್ಕದ ಮೂಲಕ ಹರಡುವುದಿಲ್ಲ. ಆಗ ಇನ್ನೊಬ್ಬರು ಪ್ರೆಪ್ ನಿಲ್ಲಿಸುವುದು ಸೋಲಲ್ಲ. ನಿಮ್ಮ ಹಾಳೆಯಲ್ಲಿ "ಅಪಾಯ ಇಲ್ಲ, ನಿಲ್ಲಿಸಿದರು" ಅನ್ನುವುದಕ್ಕೆ ಬೇರೆ ಅಂಕಣ ಇರಲಿ, "ಕಾಣೆಯಾದರು" ಅನ್ನುವುದಕ್ಕೆ ಬೇರೆ.

ನಿಲ್ಲಿಸುವ ರೀತಿಯನ್ನು ಶುರುವಿನ ದಿನವೇ ಕಲಿಸಿ. ಗಂಡಸರು ಕೊನೆಯ ಸಂಪರ್ಕದ ನಂತರ ಎರಡು ದಿನ ದಿನಕ್ಕೊಂದು ಮಾತ್ರೆ ಮುಂದುವರಿಸಬೇಕು. ಹೆಂಗಸರು, ಹಾರ್ಮೋನ್ ತೆಗೆದುಕೊಳ್ಳುವ ಟ್ರಾನ್ಸ್ ಮಹಿಳೆಯರು, ಸೂಜಿ ಬಳಸುವವರು ಏಳು ದಿನ. ಹೆಪಟೈಟಿಸ್ ಬಿ ಇದ್ದವರು ಡಾಕ್ಟರನ್ನು ಕೇಳದೇ ನಿಲ್ಲಿಸಬಾರದು.

ಮತ್ತೆ ಶುರು ಮಾಡಲು ಬಂದವರಿಗೆ ಮೊದಲು ಎಚ್‌ಐವಿ ಪರೀಕ್ಷೆ, ನೆಗೆಟಿವ್ ಇದ್ದರೆ ಅದೇ ದಿನ ಮಾತ್ರೆ. "ಯಾಕೆ ಬಿಟ್ರಿ?" ಅಂತ ಬಾಗಿಲಲ್ಲೇ ಕೇಳಬೇಡಿ. "ಬಂದ್ರಲ್ಲ, ಕೂತ್ಕೊಳ್ಳಿ" ಅನ್ನಿ. ಕಾರಣ ಅವರೇ ಹೇಳುತ್ತಾರೆ. ಹೇಳಿದ್ದನ್ನು ಹಂತ 1ರ ಹಾಳೆಯಲ್ಲಿ, ಯಾವ ಮೆಟ್ಟಿಲೋ ಅದರ ಎದುರಿಗೆ, ಹೆಸರಿಲ್ಲದೇ ಬರೆದಿಡಿ.